ಐದು ಸೆಂಟಿಮೀಟರ್

ಮೊಹರು ದುಂಡಗಿರಬೇಕು, ಅಡ್ಡಳತೆ ಐದು ಸೆಂಟಿಮೀಟರ್,
ಹೂವು ಬಳ್ಳಿ ಕೂಡದು. ನಿಯಮ ಹಾಗಿದೆ.
ನನ್ನದನ್ನು ಕೊರೆದುಕೊಟ್ಟವರು
ಭದ್ರಾವತಿಯ ಉಕ್ಕಿನ ಕಾರ್ಖಾನೆಯಲ್ಲಿ
ಅಚ್ಚು ಹೊಯ್ಯುತ್ತಿದ್ದ ದಾವೂದ್ ಸಾಬರು.
ಅಂಗೈಯಲ್ಲಿಟ್ಟು ತೂಗಿ ನೋಡಿ ನಕ್ಕರು:
"ವಕೀಲಮ್ಮ, ಒಂದು ನಿಪ್ಪಟ್ಟಿನಗಲಕ್ಕೆ
ಸರ್ಕಾರ ಇಷ್ಟೊಂದು ಕಾಯ್ದೆ ಬರೆದಿದೆಯಾ?"

ಬರೆದಿದೆ ಸಾಬರೇ.
ಅಂಚಿನಲ್ಲಿ ಎಂ. ಹಾಲಮ್ಮ, ನೋಟರಿ; ನಡುವೆ ಸಂಖ್ಯೆ,
ತಾಲ್ಲೂಕಿನ ಹೆಸರು.
ತರೀಕೆರೆ ದಾರಿಯಲ್ಲಿ ಗಡಿಕಲ್ಲು ದಾಟಿದರೆ
ಅದು ಬರೀ ಹಿತ್ತಾಳೆ,
ನಾನು ಯಾರದೋ ನಾಮಕರಣಕ್ಕೆ ಹೊರಟ ಹೆಂಗಸು.

ಹದಿನೈದು ವರ್ಷದಿಂದ ಕೋರ್ಟಿನ ಕಾಂಪೌಂಡಿಗೆ ಬೆನ್ನು ಕೊಟ್ಟು ಕೂತಿದ್ದೇನೆ,
ಎದುರು ಜೆರಾಕ್ಸ್ ಅಂಗಡಿ, ಪಕ್ಕದಲ್ಲಿ ದರಪಟ್ಟಿಯ ಹಲಗೆ.
ಕಾಗದದ ಕಾರ್ಖಾನೆಯ ಗೇಟಿಗೆ ಬೀಗ ಬಿದ್ದ ಮೇಲೆ
ಬಂದವರೆಲ್ಲ ಎರಡೆರಡು ಹೆಸರು ಹೊತ್ತು ತಂದರು:
ಸರ್ವಿಸ್ ಪುಸ್ತಕದಲ್ಲಿ ಕುಪ್ಪುಸಾಮಿ, ಆಧಾರಿನಲ್ಲಿ ಕುಪ್ಪಸ್ವಾಮಿ;
ಶಾಲೆಯಲ್ಲಿ ತಿಪ್ಪೇಶಿ, ಬ್ಯಾಂಕಿನಲ್ಲಿ ತಿಪ್ಪೇಸ್ವಾಮಿ ಜಿ.
"ಸದರಿ ಎರಡೂ ಹೆಸರಿನ ವ್ಯಕ್ತಿ ನಾನೊಬ್ಬನೇ."
ಅವರು ಪ್ರಮಾಣ ಮಾಡುತ್ತಾರೆ.
ಮಾಡಿದ್ದನ್ನು ಕಂಡೆ ಎಂದು ನಾನು ಒತ್ತುತ್ತೇನೆ.
ನಿಜವಾ ಅಂತ ನನ್ನನ್ನು ಯಾರೂ ಕೇಳುವುದಿಲ್ಲ.
ಪ್ರತಿ ಜನವರಿ ಲೆಕ್ಕ ಒಪ್ಪಿಸುತ್ತೇನೆ: ಪ್ರಮಾಣ ಇಷ್ಟು, ನಕಲು ಇಷ್ಟು.
ಸುಳ್ಳು ಎಷ್ಟು ಎಂಬ ಕಾಲಮ್ಮಿಲ್ಲ.

ಮಂಗಳವಾರ ರಾತ್ರಿ ಹನ್ನೆರಡಕ್ಕೆ ನನ್ನ ಸರ್ಟಿಫಿಕೇಟು ತೀರಿತು.
ನವೀಕರಣದ ಅರ್ಜಿ ನಾಲ್ಕು ತಿಂಗಳ ಹಿಂದೆಯೇ ಹೋಗಿದೆ,
ಚಲನ್ನು ಸಮೇತ. ಉತ್ತರವಿಲ್ಲ.
ಯಾವ ಮೇಜಿನ ಯಾವ ಗುಡ್ಡೆಯಲ್ಲಿ ನಾನು ಎಷ್ಟನೆಯವಳೋ.
ಬುಧವಾರ ಮೊಹರನ್ನು ಕರ್ಚೀಫಿನಲ್ಲಿ ಸುತ್ತಿ
ಕೆಳಗಿನ ಡ್ರಾಯರಿಗಿಟ್ಟು ಬೀಗ ಹಾಕಿ,
ಅಭ್ಯಾಸಬಲಕ್ಕೆ ಅದೇ ಕುರ್ಚಿಯಲ್ಲಿ ಕೂತೆ.
ಬಂದವರಿಗೆ "ಇವತ್ತಿಲ್ಲ" ಅಂದೆ,
ಮೀನು ಮುಗಿದ ಬುಟ್ಟಿಯವಳ ಹಾಗೆ.

ಗುರುವಾರ ಸೆಲ್ವಿ ಬಂದಳು.
ಕುಪ್ಪುಸಾಮಿ ಹೋಗಿ ಇಪ್ಪತ್ತೆರಡು ದಿನ.
ಅವನ ಬಾಕಿ ಹಣಕ್ಕೆ ಕಾಗದ ಕೊಡಲು ನಾಳೆಯೇ ಕಡೆ.
ಮರಣದ ಪತ್ರದಲ್ಲಿ ಮತ್ತೊಂದು, ಮೂರನೆಯ ಹೆಸರು: ಕುಪ್ಪಸಾಮಿ.
ಟೈಪಿಂಗಿನ ದುಗ್ಗೋಜಿರಾವ್ ಬಗ್ಗಿ ಪಿಸುಗುಟ್ಟಿದ:
"ಸೋಮವಾರದ ತಾರೀಖು ಹಾಕಿ ಒತ್ತಿಬಿಡಿ ಮೇಡಂ,
ರಿಜಿಸ್ಟರಿನಲ್ಲಿ ಪುಟದ ಕೊನೆಗೆ ಒಂದು ಸಾಲು ಖಾಲಿ ಇದೆ."

ಇತ್ತು. ಒಂದೇ ಸಾಲು.
ನಾನೂ ನೋಡಿದ್ದೆ.

ಕುಪ್ಪುಸಾಮಿ ನನಗೆ ಗೊತ್ತು.
ಮಿಲ್ಲು ನಿಂತ ಮೇಲೆ ಅವನು ಹಾಕಿದ ತಳ್ಳುಗಾಡಿಯ ಇಡ್ಲಿ ಗೊತ್ತು,
ಎಡಗೈಯ ಎರಡು ಬೆರಳು ಯಾವ ಯಂತ್ರಕ್ಕೆ ಹೋದವು ಗೊತ್ತು,
ಮೂರು ಹೆಸರಿನವನೂ ಅವನೇ, ಗೊತ್ತು.
ಇಷ್ಟು ವರ್ಷ ಗೊತ್ತಿಲ್ಲದ್ದಕ್ಕೆಲ್ಲ ಒತ್ತಿದೆ;
ಇವತ್ತು ಗೊತ್ತಿದೆ, ಒತ್ತುವ ಹಾಗಿಲ್ಲ.

ಕೆಂಪು ಪೆನ್ನು ತೆಗೆದು ಆ ಖಾಲಿ ಸಾಲಿಗೆ ಅಡ್ಡಗೆರೆ ಎಳೆದೆ,
ನನ್ನ ಮೇಲೆ ನನಗೇ ನಂಬಿಕೆ ಸಾಲದೆ.

ಸೆಲ್ವಿಯನ್ನು ಕರೆದುಕೊಂಡು ಮೂರು ಮೇಜು ಆಚೆ ನಡೆದೆ.
ಗುರುಬಸಪ್ಪನವರು ಫೋನಿನಲ್ಲಿ ಸೈಟಿನ ರೇಟು ಮಾತಾಡುತ್ತಿದ್ದರು.
ತಲೆ ಎತ್ತಲಿಲ್ಲ, ಹೆಸರು ಓದಲಿಲ್ಲ,
ಠಪ್ಪೆಂದು ಒತ್ತಿದರು. ದುಂಡಗೆ, ಐದು ಸೆಂಟಿಮೀಟರ್,
ಎಲ್ಲ ನಿಯಮದ ಪ್ರಕಾರ.
ಮೊಹರಿನ ಎಡಕ್ಕೆ, ಸ್ವಲ್ಪ ಕೆಳಗೆ,
ಯಾವ ವಕೀಲರಾದರೂ ಸಹಿ ಮಾಡಬಹುದಾದ ಒಂದು ಜಾಗವಿರುತ್ತದೆ:
"ಇವರನ್ನು ನಾನು ಬಲ್ಲೆ."
ಅಲ್ಲಿ ಬರೆದೆ, ಹಾಲಮ್ಮ,
ಇನಿಷಿಯಲ್ಲು ಹಾಕುವುದನ್ನೂ ಮರೆತು.

ಸೆರಗಿನ ಗಂಟು ಬಿಚ್ಚುತ್ತ "ನಿಮ್ದೆಷ್ಟಮ್ಮ?" ಅಂದಳು.
ದರಪಟ್ಟಿಯ ಹಲಗೆಯತ್ತ ನೋಡಿದೆ.
ಬಲ್ಲೆ ಅನ್ನುವುದಕ್ಕೆ ಅಲ್ಲಿ ದರವಿರಲಿಲ್ಲ.
"ಬಸ್ಸಿಗೆ ಹೊತ್ತಾಯ್ತು, ಹೋಗು" ಅಂದೆ.
ಡ್ರಾಯರಿನ ಬೀಗದ ಕೈ ಎಲ್ಲಿಟ್ಟೆ ಅಂತ
ಆಮೇಲೆ ಸಂಜೆತನಕ ಹುಡುಕಿದೆ.